ನೂಲಿನ ಬೆಲೆಗೆ ಮೂರು ಪಟ್ಟು ಅಂತ ಹೇಳಿಕೊಟ್ಟವರು ಯಾರು?

ಕ್ರೋಶಾ (ಹುಕ್ ಎಂಬ ಕೊಕ್ಕೆ ಸೂಜಿಯಲ್ಲಿ ಹೆಣೆಯುವ ನೂಲಿನ ಕೆಲಸ) ಹಾಕಿ ಮಾರುವವರು ಲೆಕ್ಕ ತೋರಿಸಲು ಬಂದಾಗ ಅವರ ಪುಸ್ತಕದ ಮೊದಲ ಪುಟದಲ್ಲಿ ಹೆಚ್ಚುಕಡಿಮೆ ಒಂದೇ ಸೂತ್ರ ಇರುತ್ತದೆ. ನೂಲಿನ ಬೆಲೆ ಗುಣಿಸು 3. ಅಳುಕು ಇರುವವರು 2 ಅಂತ ಬರೆದಿರುತ್ತಾರೆ, ಧೈರ್ಯ ಇರುವವರು 4. ಇದು ಎಲ್ಲಿಂದ ಬಂತು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ‘ಎಲ್ಲರೂ ಹಾಗೇ ಮಾಡ್ತಾರಲ್ವಾ ಮೇಡಂ’ ಅಂತಾರೆ.

ಕೈಕೆಲಸ ಮಾರುವವರ ಖರ್ಚುವೆಚ್ಚ ನೋಡಿಕೊಡುವುದು ನನ್ನ ಕಸುಬು. ಬಿಲ್ ಎತ್ತಿಡಿ, ಮನೆಯ ದುಡ್ಡು ಬೇರೆ ವ್ಯಾಪಾರದ ದುಡ್ಡು ಬೇರೆ ಇರಲಿ ಎಂಬುದನ್ನೆಲ್ಲ ಇಲ್ಲಿ ಹೇಳುತ್ತಾ ಕೂರುವುದಿಲ್ಲ, ಅದು ನಿಮಗೆ ಗೊತ್ತೇ ಇದೆ. ಈ ಮೂರು ಪಟ್ಟಿನ ವಿಷಯ ಮಾತ್ರ ಎಷ್ಟು ಸಲ ಹೇಳಿದರೂ ತಲೆಗೆ ಹೋಗುತ್ತಿಲ್ಲ. ಇವತ್ತು ಅದೊಂದನ್ನೇ ಹಿಡಿದುಕೊಳ್ಳುತ್ತೇನೆ.

ಒಬ್ಬರು ಎರಡು ಬಗೆಯ ಮಾಲು ಮಾಡುತ್ತಿದ್ದರು. ದಪ್ಪ ನೂಲಿನ ಶಾಲು, ತೆಳು ಹತ್ತಿ ದಾರದ ಲೇಸ್ ಟೇಬಲ್ ಹಾಸು. ಎರಡಕ್ಕೂ ಮೂರು ಪಟ್ಟಿನ ಲೆಕ್ಕವೇ. ಒಂದು ಮಾರಾಟ ಮೇಳದಿಂದ ಬಂದವರು ಬಹಳ ಖುಷಿಯಲ್ಲಿದ್ದರು. ಹಾಸುಗಳೆಲ್ಲ ಮಧ್ಯಾಹ್ನದೊಳಗೆ ಖಾಲಿ, ಶಾಲು ಮಾತ್ರ ಹಾಗೇ ಉಳಿದವು, ಇನ್ನು ಮುಂದೆ ಬರೀ ಹಾಸೇ ಹೆಣೆಯುತ್ತೇನೆ ಅಂದರು. ಎಷ್ಟು ಹೊತ್ತು ಹಿಡಿಯುತ್ತೆ ಅಂತ ಕೇಳಿದೆ. ಶಾಲಿಗೆ 8 ಗಂಟೆ, ಹಾಸಿಗೆ 14 ಗಂಟೆ ಅಂದರು. ಅಷ್ಟು ಹೇಳಿದ ಮೇಲೂ ಅವರ ಮುಖದಲ್ಲಿ ಅದೇ ನಗು.

ಕಾಗದದ ಮೇಲೆ ಬರೆದು ನೋಡೋಣ. ದುಡ್ಡು ಯಾವ ದೇಶದ್ದಾದರೂ ಆಗಲಿ, ಅಂಕಿಗಳ ಪ್ರಮಾಣ ನೋಡಿ. ಶಾಲಿನ ನೂಲಿಗೆ 600 ಬಿತ್ತು ಅಂದುಕೊಳ್ಳಿ. ಮೂರು ಪಟ್ಟು 1,800. ನೂಲಿನ ದುಡ್ಡು ಕಳೆದರೆ ಉಳಿದದ್ದು 1,200. ಅದನ್ನು 8 ಗಂಟೆಗೆ ಹಂಚಿದರೆ ಗಂಟೆಗೆ 150. ಹಾಸಿನ ದಾರಕ್ಕೆ ಬರೀ 60. ಮೂರು ಪಟ್ಟು 180. ಉಳಿದದ್ದು 120. 14 ಗಂಟೆಗೆ ಹಂಚಿ. ಗಂಟೆಗೆ 9 ಕೂಡ ಬರುವುದಿಲ್ಲ. ಅದೇ ಕೈ, ಅದೇ ಹೆಂಗಸು. ಒಂದು ಕೆಲಸಕ್ಕೆ ಗಂಟೆಗೆ 150, ಅದಕ್ಕಿಂತ ಕಷ್ಟದ ಕೆಲಸಕ್ಕೆ 9. ಹಾಸುಗಳು ಮಧ್ಯಾಹ್ನದೊಳಗೆ ಖಾಲಿಯಾಗದೆ ಇನ್ನೇನಾಗುತ್ತೆ?

ಇದು ಅವರೊಬ್ಬರ ಗ್ರಹಚಾರ ಅಲ್ಲ. ಕ್ರೋಶಾದ ಸ್ವಭಾವವೇ ಹಾಗೆ. 10 ಸೆಂಟಿಮೀಟರ್ ಚೌಕದ ಒಂದು ತುಂಡು ತೆಗೆದುಕೊಳ್ಳಿ. 8 ಮಿಲಿಮೀಟರ್ ಹುಕ್ಕಿನಲ್ಲಿ ದಪ್ಪ ನೂಲು ಹಾಕಿದರೆ ಸಾಲಿಗೆ ಸುಮಾರು 10 ಸ್ಟಿಚ್, ಅಂಥ 12 ಸಾಲು. ಒಟ್ಟು 120. ನೂಲು ಮೂರು ಪಾಲು ಸಣ್ಣದಾಯಿತು ಅನ್ನಿ. ಆಗ ಸಾಲಿಗೆ 30 ಸ್ಟಿಚ್, 36 ಸಾಲು. ಒಟ್ಟು 1,080. ನೂಲು ಮೂರು ಪಾಲು ಸಣ್ಣದಾದರೆ ಕೆಲಸ ಒಂಬತ್ತು ಪಟ್ಟು! ಅದೂ ಒಂದೊಂದು ಸ್ಟಿಚ್ಚಿಗೂ ಒಂದೇ ಹೊತ್ತು ಅಂದುಕೊಂಡರೆ. ಸಣ್ಣ ಸ್ಟೀಲ್ ಹುಕ್ಕಿನಲ್ಲಿ, ಅದರಲ್ಲೂ ಕಪ್ಪು ದಾರದಲ್ಲಿ ಹೆಣೆದು ನೋಡಿದವರಿಗೆ ಗೊತ್ತು, ಹೊತ್ತು ಇನ್ನೂ ಜಾಸ್ತಿ ಹಿಡಿಯುತ್ತದೆ, ಕಣ್ಣಂತೂ ಸೋತುಹೋಗುತ್ತದೆ. ಆದರೆ ತೆಳು ದಾರದ ಉಂಡೆಗೆ ಕೊಡುವ ದುಡ್ಡು ಸಾಮಾನ್ಯವಾಗಿ ಕಡಿಮೆಯೇ. ಅಂದರೆ ಕೆಲಸ ಯಾವಾಗ ಅತಿ ಜಾಸ್ತಿಯೋ ಆಗಲೇ ಈ ಸೂತ್ರ ನಿಮಗೆ ಅತಿ ಕಡಿಮೆ ಕೂಲಿ ಕೊಡುತ್ತದೆ.

‘ಹಾಗಾದ್ರೆ 3ರ ಬದಲು 5 ಹಾಕ್ಲಾ?’ ಇದು ನನಗೆ ತಪ್ಪದೆ ಬರುವ ಮರುಪ್ರಶ್ನೆ. ಬೇಡ. ಹಾಸಿನ ಬೆಲೆ 300 ಆಗುತ್ತದೆ, ಗಂಟೆಗೆ 17 ಬರುತ್ತದೆ. ಶಾಲು 3,000ಕ್ಕೆ ಹೋಗಿ ಯಾರೂ ಮುಟ್ಟದ ಹಾಗಾಗುತ್ತದೆ. ಯಾವ ಅಂಕಿಯಿಂದ ಗುಣಿಸಿದರೂ ಅಷ್ಟೇ. ಗುಣಿಸಬೇಕಾದ್ದು ನೂಲನ್ನಲ್ಲ. ನೂಲಿನ ದುಡ್ಡು, ಅದಕ್ಕೆ ಗಂಟೆ ಲೆಕ್ಕದ ಕೂಲಿ, ಅದಕ್ಕೆ ಸಣ್ಣಪುಟ್ಟ ಖರ್ಚು. ಕೂಡಿಸುವ ಲೆಕ್ಕ ಇದು.

ಇಲ್ಲಿಗೆ ಬರುವಾಗ ಎಲ್ಲರೂ ಒಂದು ಮಾತು ತೆಗೆಯುತ್ತಾರೆ. ‘ಟಿವಿ ನೋಡ್ತಾ ಸುಮ್ನೆ ಹೆಣೆದದ್ದು, ಅದಕ್ಕೇನು ಗಂಟೆ ಲೆಕ್ಕ?’ ನನಗೆ ಕೋಪವೂ ಬರುತ್ತದೆ, ಪಾಪ ಅನ್ನಿಸುವುದೂ ಉಂಟು. ಹಾಡು ಕೇಳುತ್ತಾ ಬಟ್ಟೆ ಹೊಲಿಯುವ ಟೈಲರ್‌ಗೆ ಕೂಲಿ ಮುರಿದುಕೊಳ್ಳುತ್ತೀರಾ? ಕೈ ಓಡಿದ್ದು ನಿಜ, ಮಣಿಕಟ್ಟು ನೋಯುವುದೂ ನಿಜ. ಕೆಲಸ ಇಷ್ಟವಾದದ್ದು ಅಂದ ಮಾತ್ರಕ್ಕೆ ಬಿಟ್ಟಿ ಆಗಬೇಕಿಲ್ಲ.

ಗಂಟೆ ಅಳೆಯುವುದರಲ್ಲೂ ಒಂದು ಎಡವಟ್ಟು ಇದೆ. ಹುಕ್ ಓಡಿದ ಹೊತ್ತನ್ನು ಮಾತ್ರ ಬರೆದಿಡುತ್ತಾರೆ. ಗ್ರಾನಿ ಸ್ಕ್ವೇರ್, ಅಂದರೆ ಸಣ್ಣ ಚೌಕಗಳನ್ನು ಹೆಣೆದು ಜೋಡಿಸಿ ಮಾಡುವ ಹೊದಿಕೆಯನ್ನೇ ನೋಡಿ. ಒಂದು ಚೌಕಕ್ಕೆ ನಾಲ್ಕು ಬಣ್ಣ. ಪ್ರತಿ ಬಣ್ಣ ಶುರುವಾಗುವಾಗ ಒಂದು ದಾರದ ತುದಿ, ಮುಗಿಯುವಾಗ ಇನ್ನೊಂದು. ಚೌಕಕ್ಕೆ 8 ತುದಿ. 80 ಚೌಕದ ಹೊದಿಕೆಯಾದರೆ 640 ತುದಿಗಳನ್ನು ಸೂಜಿಯಲ್ಲಿ ಒಳಗೆ ಸೇರಿಸಿ ಕತ್ತರಿಸಬೇಕು. ಚೌಕಗಳನ್ನು ಜೋಡಿಸುವುದು, ಅಂಚು ಕಟ್ಟುವುದು, ಒದ್ದೆ ಮಾಡಿ ಪಿನ್ ಚುಚ್ಚಿ ಆಕಾರಕ್ಕೆ ಕೂರಿಸುವುದು ಬೇರೆ. ಅಮಿಗುರುಮಿ, ಅಂದರೆ ನೂಲಿನಲ್ಲಿ ಹೆಣೆದು ಒಳಗೆ ತುಂಬಿಸುವ ಪುಟ್ಟ ಗೊಂಬೆಯೂ ಹಾಗೇ. 6 ಸ್ಟಿಚ್ಚಿನಿಂದ ಶುರುಮಾಡಿ ಸುತ್ತಿಗೆ 6ರಂತೆ 36ರವರೆಗೆ ಏರಿಸಿ, ಇನ್ನೂ 6 ಸುತ್ತು ಹಾಗೇ ಹೆಣೆದು, ಮತ್ತೆ ಇಳಿಸುತ್ತಾ 6ಕ್ಕೆ ಬಂದರೆ ತಲೆಯೊಂದಕ್ಕೇ 432 ಸ್ಟಿಚ್. ಅದನ್ನು ಎಣಿಸಿ ಹೇಳುವವರು ಸಿಗುತ್ತಾರೆ. ಆದರೆ ಎರಡು ಕಿವಿ ಸಮ ಕೂರಲಿಲ್ಲ ಅಂತ ಬಿಚ್ಚಿ ಮತ್ತೆ ಹೊಲಿದ ಹೊತ್ತು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಗಿರಾಕಿಗೆ ಹನ್ನೊಂದು ಫೋಟೋ ಕಳಿಸಿ ‘ಸ್ವಲ್ಪ ತಿಳಿ ಗುಲಾಬಿ ಇಲ್ವಾ?’ ಎಂಬುದಕ್ಕೆ ಉತ್ತರ ಕೊಟ್ಟ ಹೊತ್ತಂತೂ ಇರುವುದೇ ಇಲ್ಲ.

ಹೊಸ ಡಿಸೈನಿನ ಮೊದಲ ತುಂಡಿನಲ್ಲಿ ಹೊತ್ತು ಅಳೆಯಬೇಡಿ, ಅದು ಕಲಿಕೆ. ಕಲಿಕೆಯ ಖರ್ಚನ್ನು ಗಿರಾಕಿಯ ಮೇಲೆ ಹಾಕುವುದು ಸರಿಯಲ್ಲ. ಕೈ ಕುದುರಿದ ಮೇಲೆ, ಮೂರನೆಯದೋ ನಾಲ್ಕನೆಯದೋ ಹೆಣೆಯುವಾಗ ಅಳೆಯಿರಿ. ನೂಲಿಗೆ ಉಂಡೆಯನ್ನು ಮೊದಲೊಮ್ಮೆ, ಕೊನೆಗೊಮ್ಮೆ ತೂಕ ಮಾಡಿದರೆ ಸಾಕು. ಗಿರಾಕಿ ಕೇಳಿದರು ಅಂತಲೇ ವಿಚಿತ್ರ ಬಣ್ಣ ತರಿಸಿದ್ದರೆ ಪೂರ್ತಿ ಉಂಡೆಯ ಬೆಲೆ ಸೇರಿಸಿ. ಉಳಿದ ಆ 12 ಗ್ರಾಂ ನಿಮ್ಮ ಪೆಟ್ಟಿಗೆಯಲ್ಲೇ ಕೊನೆವರೆಗೂ ಇರುತ್ತದೆ.

ಗಂಟೆಗೆ ಎಷ್ಟು ಹಾಕಬೇಕು? ಒಂದು ಅಂಕಿ ಹೇಳಿಬಿಡಿ ಅಂತಾರೆ. ಹೇಳುವುದಿಲ್ಲ. ನಿಮ್ಮ ಕೈ, ನಿಮ್ಮ ಗಿರಾಕಿ, ನಿಮ್ಮ ಜಾಗ ನೋಡದೆ ಅದನ್ನು ಹೇಳುವುದು ಜವಾಬ್ದಾರಿ ಇಲ್ಲದ ಮಾತಾಗುತ್ತದೆ. ತೆರಿಗೆಯ ವಿಷಯವೂ ಅಷ್ಟೇ, ನಿಮ್ಮಲ್ಲಿನ ನಿಯಮ ತಿಳಿದವರನ್ನು ಕೇಳಿಕೊಳ್ಳಿ. ಹೀಗೆ ಯೋಚಿಸಿ ನೋಡಬಹುದು: ಆರ್ಡರ್ ಜಾಸ್ತಿಯಾಗಿ, ನಿಮ್ಮಷ್ಟೇ ಚೆನ್ನಾಗಿ ಹೆಣೆಯುವ ಇನ್ನೊಬ್ಬರನ್ನು ಕರೆಯಬೇಕಾಗಿ ಬಂದರೆ ಅವರಿಗೆ ಎಷ್ಟು ಕೊಡುತ್ತೀರಿ? ಅದಕ್ಕಿಂತ ಕಡಿಮೆಯನ್ನು ನಿಮಗೆ ನೀವು ಕೊಟ್ಟುಕೊಳ್ಳಬೇಡಿ.

ಇಷ್ಟು ಮಾಡಿದಾಗ ಬರುವ ಬೆಲೆ ನೋಡಿ ಗಾಬರಿಯಾಗುವುದು ಸಹಜ. ಟೇಬಲ್ ಹಾಸಿನವರೂ ಗಾಬರಿಯಾದರು. ಗಂಟೆಗೆ 100 ಹಾಕಿದರೂ ಹಾಸಿನ ಬೆಲೆ 1,460 ಬಂತು. ‘ಇಷ್ಟಕ್ಕೆ ಯಾರು ತಗೋತಾರೆ ಮೇಡಂ?’ ಯಾರೂ ತೆಗೆದುಕೊಳ್ಳದೆ ಇರಬಹುದು. ನಿಮ್ಮ ಲೆಕ್ಕದ ಬೆಲೆಯನ್ನು ಜನ ಕೊಟ್ಟೇ ಕೊಡುತ್ತಾರೆ ಅಂತ ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ಆದರೆ ಆಗ ಇಳಿಸಬೇಕಾದ್ದು ಕೂಲಿಯನ್ನಲ್ಲ, ಕೆಲಸವನ್ನು. ಸ್ವಲ್ಪ ದಪ್ಪ ದಾರ ತೆಗೆದುಕೊಳ್ಳಿ, ಬಣ್ಣ ನಾಲ್ಕರ ಬದಲು ಎರಡು ಮಾಡಿ. ಗೊಂಬೆಯಾದರೆ ಕೈಕಾಲು ಬೇರೆ ಹೊಲಿಯುವ ಬದಲು ಮೈಯೊಂದಿಗೇ ಹೆಣೆಯುವ ಡಿಸೈನ್ ಹುಡುಕಿ. ಅವರು ಹಾಸು ಬಿಟ್ಟು, ಅದೇ ಹೂವಿನ ನಮೂನೆಯಲ್ಲಿ ದಪ್ಪ ಹತ್ತಿಯ ಕೋಸ್ಟರ್ (ಲೋಟದ ಕೆಳಗಿಡುವ ಪುಟ್ಟ ಹಾಸು) ಶುರುಮಾಡಿದರು. ದೊಡ್ಡ ಹಾಸನ್ನು ಆರ್ಡರ್ ಕೊಟ್ಟವರಿಗೆ ಮಾತ್ರ ಮಾಡುತ್ತಾರೆ, ಪೂರ್ತಿ ಬೆಲೆಗೆ. ವರ್ಷಕ್ಕೆ ಒಂದೆರಡು ಹೋಗುತ್ತವೆ.

‘ಅಂಗಡಿಯಲ್ಲಿ ಇದರ ಕಾಲು ಭಾಗಕ್ಕೆ ಸಿಗುತ್ತೆ’ ಎನ್ನುವ ಗಿರಾಕಿಗಳೂ ಇದ್ದೇ ಇರುತ್ತಾರೆ. ಎರಡು ಸೂಜಿಯಲ್ಲಿ ಹೆಣೆಯುವ ನಿಟಿಂಗ್‌ಗೆ ಯಂತ್ರ ಇದೆ. ಕೈಯಲ್ಲಿ ಹಾಕುವ ಕ್ರೋಶಾವನ್ನು ಹಾಗೇ ಹೆಣೆದುಕೊಡುವ ಯಂತ್ರ ಕಾರ್ಖಾನೆಗಳಲ್ಲಿ ಇಲ್ಲ. ಅಗ್ಗದ ಮಾಲು ಒಂದೋ ಕ್ರೋಶಾದಂತೆ ಕಾಣುವ ಯಂತ್ರದ ಲೇಸ್, ಇಲ್ಲವೇ ಎಲ್ಲೋ ಯಾರೋ ಕೈಯಲ್ಲೇ ಹೆಣೆದು ಪುಡಿಗಾಸು ಪಡೆದದ್ದು. ಗಿರಾಕಿಯ ಹತ್ತಿರ ಇದನ್ನು ವಾದ ಮಾಡಲು ಹೋಗಬೇಡಿ, ನಕ್ಕು ಬಿಟ್ಟುಬಿಡಿ. ನಿಮ್ಮ ಮನಸ್ಸಿನಲ್ಲಿರಲಿ ಅಂತ ಹೇಳಿದೆ.

ಕಮಿಷನ್ ಬಗ್ಗೆಯೂ ಒಂದು ಮಾತು, ಇಲ್ಲಿ ಲೆಕ್ಕ ಬಲ್ಲವರೂ ಜಾರುತ್ತಾರೆ. ಅಂಗಡಿಯವರು ಮಾರಾಟದ ಬೆಲೆಯಲ್ಲಿ ಶೇ. 30 ಹಿಡಿಯುತ್ತಾರೆ, ನಿಮಗೆ 100 ಬರಬೇಕು. 100ಕ್ಕೆ 30 ಸೇರಿಸಿ 130 ಅಂತ ಚೀಟಿ ಅಂಟಿಸುತ್ತೀರಿ. 130ರಲ್ಲಿ ಶೇ. 30 ಅಂದರೆ 39. ನಿಮ್ಮ ಕೈಗೆ 91. ಸೇರಿಸುವ ಬದಲು 100ನ್ನು 0.7ರಿಂದ ಭಾಗಿಸಿ. 143 ಬರುತ್ತದೆ, ಅದೇ ಚೀಟಿಯ ಬೆಲೆ. ನೀವೇ ನೇರವಾಗಿ ಮಾರುವಾಗಲೂ ಅದೇ 143 ಇರಲಿ. ನೀವು 100ಕ್ಕೆ ಕೊಡುತ್ತೀರಿ ಅಂತ ಗೊತ್ತಾದರೆ ಅಂಗಡಿಯವರು ನಿಮ್ಮ ಮಾಲು ಇಟ್ಟುಕೊಳ್ಳುವುದನ್ನೇ ನಿಲ್ಲಿಸುತ್ತಾರೆ.

ಬೆಲೆ ಏರಿಸಲು ಹಳೆ ಗಿರಾಕಿಗಳ ಮುಲಾಜು ಅಡ್ಡ ಬರುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಒಪ್ಪಿಕೊಂಡ ಆರ್ಡರ್‌ಗಳನ್ನು ಹಳೆ ಬೆಲೆಗೇ ಮುಗಿಸಿಕೊಡಿ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಹೊಸ ಬೆಲೆ ಅಂತ ಮೊದಲೇ ತಿಳಿಸಿ. ಕಾರಣ ವಿವರಿಸುತ್ತಾ, ಕ್ಷಮೆ ಕೇಳುತ್ತಾ ಉದ್ದುದ್ದ ಬರೆಯಬೇಡಿ. ನೆಂಟರಿಗೆ, ಗೆಳತಿಯರಿಗೆ ಕಡಿಮೆಗೆ ಕೊಡುವುದಾದರೆ ಬಿಲ್ಲಿನಲ್ಲಿ ಪೂರ್ತಿ ಬೆಲೆ ಬರೆದು, ಕೆಳಗೆ ರಿಯಾಯಿತಿ ಅಂತ ಕಳೆದು ತೋರಿಸಿ. ಅವರ ಕಡೆಯಿಂದ ಬರುವ ಮುಂದಿನ ಗಿರಾಕಿ ಯಾವ ಬೆಲೆ ಕೇಳಿಕೊಂಡು ಬರುತ್ತಾರೆ ಎಂಬುದು ಆ ಬಿಲ್ಲಿನ ಮೇಲಿರುತ್ತದೆ.