ಧಾರಣಾ ಸಾಮರ್ಥ್ಯ ಅಂದರೆ ಏನು?

ಒಂದು ಜಾಗ ತನ್ನ ನೀರು, ಮಣ್ಣು, ಮೇವು ಕೆಡದಂತೆ ವರ್ಷದಿಂದ ವರ್ಷಕ್ಕೆ ಎಷ್ಟು ಜೀವಗಳನ್ನು ಸಾಕಬಲ್ಲದೋ ಅದೇ ಅದರ ಧಾರಣಾ ಸಾಮರ್ಥ್ಯ. ಜನಸಂಖ್ಯೆಯ ಮಾತು ಬಂದಲ್ಲೆಲ್ಲ ಈ ಪದ ಬರುತ್ತದೆ.

ನಮ್ಮ ಕಡೆಯ ಗಾಯರಾಣವನ್ನೇ, ಅಂದರೆ ಊರ ದನ ಮೇಯುವ ಗೋಮಾಳವನ್ನೇ ನೋಡಿ. ಹುಲ್ಲು ಚಿಗುರುವುದಕ್ಕಿಂತ ಬೇಗ ದನ ಮೇಯ್ದರೆ ಮೊದಲು ಹುಲ್ಲು ಹೋಗುತ್ತದೆ. ಆಮೇಲೆ ಬರಿ ಮಣ್ಣು ಮಳೆಗೆ ಕೊಚ್ಚಿ ಹೋಗುತ್ತದೆ. ಮುಂದೆ ಅದು ಮೊದಲಿನಷ್ಟು ದನಗಳನ್ನೂ ಸಾಕಲಾರದು. ಮಿತಿ ದಾಟಿದರೆ ಮಿತಿಯೇ ಕುಗ್ಗುತ್ತದೆ, ಅಪಾಯ ಇರುವುದು ಇಲ್ಲೇ. ಅಲಾಸ್ಕದ ಸೇಂಟ್ ಮ್ಯಾಥ್ಯೂ ದ್ವೀಪದಲ್ಲಿ 1944ರಲ್ಲಿ 29 ಹಿಮಸಾರಂಗ ಬಿಟ್ಟರು. 1963ಕ್ಕೆ ಸುಮಾರು 6,000 ಆದವು. ಅಲ್ಲಿನ ಕಲ್ಲುಹೂವನ್ನೆಲ್ಲ ಮೇಯ್ದು ಮುಗಿಸಿದವು. 1966ರಲ್ಲಿ ಉಳಿದದ್ದು 42.

ಮನುಷ್ಯರ ಲೆಕ್ಕ ಇಷ್ಟು ಸರಳ ಅಲ್ಲ. ಇಲ್ಲಿ ಸಾಲದಿದ್ದರೆ ನಾವು ಬೇರೆ ಕಡೆಯಿಂದ ತರುತ್ತೇವೆ. ವಿಜಯಪುರದ ಆದಿಲ್‌ಶಾಹಿಗಳು ತೊರವಿಯಿಂದ, ಬೇಗಂ ತಲಾಬ್ ಕೆರೆಯಿಂದ ಊರೊಳಗೆ ನೀರು ಹರಿಸಿದ್ದರು. 2011ರ ಜನಗಣತಿ ಹೊತ್ತಿಗೆ ನಗರದ ಜನ 3 ಲಕ್ಷ ದಾಟಿತ್ತು. ಕೆರೆ, ಬಾವಡಿ (ಮೆಟ್ಟಿಲುಬಾವಿ) ಸಾಲದೆ ಕೊಲ್ಹಾರದ ಹತ್ತಿರದಿಂದ ಕೃಷ್ಣೆಯ ನೀರು ತರಬೇಕಾಯಿತು. ಹೀಗೆ ಮಿತಿ ಹಿಗ್ಗುತ್ತದೆ ನಿಜ, ಆದರೆ ಅದರ ಬೆಲೆಯನ್ನು ಬಹಳ ಸಲ ಬೇರೆಯವರೇ ಕಟ್ಟುತ್ತಾರೆ. ಅದೇ ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ಜನ ನವನಗರಕ್ಕೆ ಬಂದರು.

ಹಾಗಾದರೆ ತಪ್ಪೆಲ್ಲ ಹೆರಿಗೆಯದೇ? ಅಲ್ವೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಲು 2.1 ಬೇಕು. ಬಡವರ ಮನೆಯ ತೊಟ್ಟಿಲು ಎಣಿಸುವವರು ಬೋರ್‌ವೆಲ್ ಎಣಿಸುವುದು ಕಡಿಮೆ!

ಎಷ್ಟು ಜನ ಅನ್ನುವಷ್ಟೇ ಮುಖ್ಯ, ಹೇಗೆ ಬಳಸುತ್ತೇವೆ ಅನ್ನುವುದು. ಹಿಂಗಾರಿ ಬಿಳಿಜೋಳ ಎರೆ ಮಣ್ಣಿನ ಹಸಿಯ ಮೇಲೇ ಬೆಳೆಯುತ್ತದೆ. ಕಬ್ಬು ವರ್ಷಪೂರ್ತಿ ನೀರು ಕೇಳುತ್ತದೆ. ಹೊಲ ಅದೇ, ಅದು ಸಾಕಬಲ್ಲ ಬಾಯಿಗಳ ಲೆಕ್ಕ ಮಾತ್ರ ಬೇರೆ. ಹಿಸ್ಸೆಯೂ ಅಷ್ಟೇ. ಎಂಟು ಎಕರೆ ನಾಲ್ಕು ಜನ ಅಣ್ಣತಮ್ಮಂದಿರಿಗೆ ಹಂಚಿದರೆ ತಲಾ ಎರಡೆಕರೆ. ನಡುವೆ ಒಡ್ಡು, ದಾರಿಗೆ ಜಗಳ, ಪ್ರತಿಯೊಬ್ಬರಿಗೂ ಬೇರೆ ಬೋರು. ದೊಡ್ಡವನು ಇನ್ನಷ್ಟು ಆಳಕ್ಕೆ ಕೊರೆಸಿದರೆ ಸಣ್ಣವನ ಬೋರು ಬತ್ತುತ್ತದೆ. ಅವನೂ ಸಾಲ ಮಾಡಿ ಮತ್ತೆ ಕೊರೆಸುತ್ತಾನೆ.