ಮರದ ನೆಲ ಕಾರನ್ನು ಹೊರುತ್ತದಾ? ಚಕ್ರದ ಲೆಕ್ಕ, ತೇವದ ಲೆಕ್ಕ

ಕೊಡಗಿನಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ. ರಸ್ತೆ ಮೇಲೆ, ಮನೆ ಕೆಳಗೆ. ರಸ್ತೆ ಮಟ್ಟಕ್ಕೆ ಮರದ ನೆಲ ಹಾಕಿ ಕಾರು ನಿಲ್ಲಿಸೋಣ, ಅಡಿಯಲ್ಲಿ ಸೌದೆ ಇಡೋಣ ಅನ್ನಿಸುವುದು ಸಹಜ. ಸಿವಿಲ್ ಓದುವ ಗೆಳೆಯರಿಗೆ ಇದು ಒಳ್ಳೆಯ ಲೆಕ್ಕ.

ಹೆಚ್ಚಿನವರು ಮೊದಲು ಹಿಡಿಯುವುದು ಒಟ್ಟು ತೂಕವನ್ನು. 1600 ಕೆ.ಜಿ. ಜೀಪು, 4 ಮೀಟರ್ ಉದ್ದ, 1.7 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಚದರ ಮೀಟರಿಗೆ ಸುಮಾರು 235 ಕೆ.ಜಿ. ಬರುತ್ತದೆ. ಕಟ್ಟಡಗಳು ಎಷ್ಟು ಭಾರ ಹೊರಬೇಕೆಂದು ಹೇಳುವ ಭಾರತೀಯ ಮಾನದಂಡ ಐಎಸ್ 875ರ 2ನೇ ಭಾಗದಲ್ಲಿ (1987) ವಾಸದ ಕೋಣೆಗೆ ಹರಡಿದ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. 2.5 ಟನ್ ಒಳಗಿನ ವಾಹನಗಳ ಗ್ಯಾರೇಜಿಗೆ 2.5 ಕಿಲೋನ್ಯೂಟನ್. ಅಂಥ ವ್ಯತ್ಯಾಸವೇನಿಲ್ಲ, ಅಲ್ವಾ? ಆದರೆ ಒಂದೇ ಕಡೆ ಬೀಳುವ ಭಾರ ಎಷ್ಟು ಕೊಟ್ಟಿದ್ದಾರೆ ನೋಡಿ. ವಾಸದ ಕೋಣೆಗೆ 1.8, ಗ್ಯಾರೇಜಿಗೆ 9 ಕಿಲೋನ್ಯೂಟನ್. ಐದು ಪಟ್ಟು! ಇಡೀ ಪ್ರಶ್ನೆ ಇರುವುದೇ ಇಲ್ಲಿ.

ಹಳೇ ಮನೆಯ ಅಟ್ಟ ಅಷ್ಟೊಂದು ಕಾಫಿ ಮೂಟೆ ಹೊತ್ತಿದೆ, ಕಾರು ಹೊರದಾ ಎಂಬ ವಾದ ಇದಕ್ಕೇ ನಿಲ್ಲುವುದಿಲ್ಲ. ಮೂಟೆಗಳ ಭಾರ ಹಲವು ಹಲಗೆಗಳಿಗೆ ಹಂಚಿಹೋಗುತ್ತದೆ. ಟೈರು ನೆಲ ಮುಟ್ಟುವುದು ಸುಮಾರು 200 ಚದರ ಸೆಂ.ಮೀ. ಮಾತ್ರ. ಮಾನದಂಡದ 9 ಕಿಲೋನ್ಯೂಟನ್ ಬದಲು ಸದ್ಯಕ್ಕೆ ನಮ್ಮ ಜೀಪಿನದೇ ಭಾರ ನೋಡೋಣ: ಎಂಜಿನ್ ಮುಂದಿರುವುದರಿಂದ ಮುಂದಿನ ಒಂದು ಚಕ್ರಕ್ಕೆ 440 ಕೆ.ಜಿ. ಹಿಡಿಯೋಣ.

ಜಂತಿಗಳ ನಡುವೆ 60 ಸೆಂ.ಮೀ. ಅಂತರ, ಹಲಗೆ 20 ಸೆಂ.ಮೀ. ಅಗಲ, 4 ಸೆಂ.ಮೀ. ದಪ್ಪ. ಚಕ್ರ ನಟ್ಟನಡುವೆ ನಿಂತರೆ ಹಲಗೆಯನ್ನು ಬಗ್ಗಿಸುವ ಪರಿಣಾಮ, ಅಂದರೆ ಬಾಗುಬಲ (ಬೆಂಡಿಂಗ್ ಮೊಮೆಂಟ್), 440×60÷4, ಅಂದರೆ 6600 ಕೆ.ಜಿ.-ಸೆಂ.ಮೀ. ಹಲಗೆಯ ಅಡ್ಡಛೇದ ಬಾಗುವಿಕೆಯನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ, ಅಂದರೆ ಛೇದಗುಣಾಂಕ (ಸೆಕ್ಷನ್ ಮಾಡ್ಯುಲಸ್), 20×4×4÷6, ಅಂದರೆ 53 ಘನ ಸೆಂ.ಮೀ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮರದೊಳಗಿನ ಒತ್ತಡ ಚದರ ಸೆಂ.ಮೀ.ಗೆ ಸುಮಾರು 124 ಕೆ.ಜಿ. ಒಳ್ಳೆಯ ಒಣ ತೇಗಕ್ಕೂ ಇದು ಅಂಚಿನ ಲೆಕ್ಕವೇ. ದಪ್ಪವನ್ನು 5 ಸೆಂ.ಮೀ. ಮಾಡಿ, ಜಂತಿಗಳನ್ನು 40 ಸೆಂ.ಮೀ.ಗೆ ತನ್ನಿ. ಒತ್ತಡ 53ಕ್ಕೆ ಇಳಿಯುತ್ತದೆ. ದಪ್ಪ ವರ್ಗವಾಗಿ ಕೆಲಸ ಮಾಡುತ್ತದೆ, ಅದಕ್ಕೇ ಒಂದೇ ಸೆಂ.ಮೀ. ಇಷ್ಟು ಉಪಕಾರಿ. ಜಂತಿ, ತೊಲೆಗಳಿಗೂ ಬೇರೆ ಬೇರೆ ಲೆಕ್ಕ ಹಾಕಲೇಬೇಕು.

ಇದೆಲ್ಲ ಒಣ ಮರದ ಮಾತು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ಒಳಗೆ ಬರುವುದೇ ನೀರು ಸುರಿಸಿಕೊಂಡು. ಮರದಲ್ಲಿ ತೇವ ಶೇ. 20 ದಾಟಿ ಹಾಗೇ ಉಳಿದರೆ ಶಿಲೀಂಧ್ರಕ್ಕೆ ದಾರಿಯಾಗುತ್ತದೆ. ಒದ್ದೆ ಮರದ ಬಲವೂ ಕಡಿಮೆ. ನನ್ನ ಮಟ್ಟಿಗೆ ಕೊಡಗಿನಲ್ಲಿ ಭಯ ಹಲಗೆಯ ನಡುಭಾಗದ್ದಲ್ಲ, ಗೋಡೆಯೊಳಗೆ ಹೂತಿರುವ ಜಂತಿಯ ತುದಿಯದು. ಗಾಳಿ ಆಡದ ಜಾಗ ಅದು. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ತೋಟದ ಸಿಲ್ವರ್ ಓಕ್ ಸುಲಭಕ್ಕೆ ಸಿಗುತ್ತದೆ ಅಂತ ಸುಮ್ನೆ ಅದನ್ನೇ ಹಾಕಬೇಡಿ. ಗೆದ್ದಲು, ಕೊಳೆತ ಎರಡಕ್ಕೂ ಅದು ಬೇಗ ಸೋಲುತ್ತದೆ.

ಹಳೆಯ ನೆಲವಾದರೆ ಕಾರು ಹೊರಗೇ ಇರುವಾಗ ಟಾರ್ಚ್ ಹಿಡಿದು ಅಡಿಗೆ ಹೋಗಿ. ಜಂತಿಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ. ಮೆತ್ತಗೆ ಇಳಿದರೆ ಲೆಕ್ಕ ಅಲ್ಲಿಗೇ ಮುಗಿಯಿತು, ಕಾರು ತರಬೇಡಿ. ಗಟ್ಟಿಯಿದ್ದರೆ ಅಳತೆ ಬರೆದುಕೊಂಡು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಅವರು ಸರಿ ಅಂದ ಮೇಲೂ ಮರದ ನೆಲದ ಮೇಲೆ ಜಾಕ್ ಹಾಕಬೇಡಿ. ಟೈರು ಬದಲಿಸಲು ರಸ್ತೆಗೇ ತನ್ನಿ. ಜಾಕಿನ ಪಾದ ಟೈರಿನ ಅಚ್ಚಿಗಿಂತ ಚಿಕ್ಕದು, ಅದರ ಮೇಲಿನ ಭಾರ ಜಾಸ್ತಿ.