ಇಂಡಿ ಅಂದ್ರೆ ಇಂಡಿಯನ್ ಅಲ್ಲ, ಫೋಕ್ ಅಂದ್ರೆಲ್ಲಾ ಜಾನಪದ ಅಲ್ಲ

"ಹೊಸ ಇಂಡಿ ಫೋಕ್ ಆಲ್ಬಮ್ ಇದ್ರೆ ಹೇಳ್ರಪ್ಪ" ಅಂತ ಗೆಳೆಯರ ವಾಟ್ಸಾಪ್ ಗ್ರೂಪಲ್ಲಿ ಒಬ್ರು ಕೇಳಿದ್ರು. ಮೊದಲ ಉತ್ತರ ತೊಂಬತ್ತರ ದಶಕದ ಇಂಡಿಪಾಪ್ ಪ್ಲೇಲಿಸ್ಟು, ಎರಡನೇದು ಜಾನಪದ ಡಿಜೆ ಮಿಕ್ಸು, ಮೂರನೆಯವರು "ಇಂಡಿ ಅಂದ್ರೆ ಇಂಡಿಯನ್ ತಾನೇ, ಬರೀ ಇಂಗ್ಲಿಷ್ ಬ್ಯಾಂಡ್ ಹೆಸ್ರು ಯಾಕೆ ಹೇಳ್ತೀರಾ" ಅಂತ ಜಗಳಕ್ಕೇ ನಿಂತ್ರು. ಇದನ್ನ ಎಷ್ಟು ಸಲ ನೋಡಿದೀನೋ, ಈ ಸಲ ಬರೆದೇ ಬಿಡೋಣ ಅನ್ನಿಸ್ತು.

ಗೊಂದಲ ಆಗೋದು ಸಹಜ, ಒಪ್ತೀನಿ. ಇಂಡಿಪಾಪ್‌ನಲ್ಲಿರೋ ಇಂಡಿ ಇಂಡಿಯಾದ್ದೇ. ಬೀದಿನಾಯಿ ಮರಿ ಸಾಕ್ಕೊಂಡೋರು "ನಮ್ದು ಇಂಡಿ" ಅಂತಾರಲ್ಲ, ಅದೂ ಇಂಡಿಯನ್ನೇ. ಆದ್ರೆ ಇಂಡಿ ರಾಕ್, ಇಂಡಿ ಫೋಕ್ ಅನ್ನೋವಾಗ ಅದು ಇಂಡಿಪೆಂಡೆಂಟ್ ಅನ್ನೋದರ ಮೊಟಕು ರೂಪ, ಅಷ್ಟೇ. ಯಾರಿಂದ ಇಂಡಿಪೆಂಡೆಂಟ್? ದೊಡ್ಡ ರೆಕಾರ್ಡ್ ಕಂಪನಿಗಳಿಂದ, ಈಗಿನ ಲೆಕ್ಕದಲ್ಲಿ ಯೂನಿವರ್ಸಲ್, ಸೋನಿ, ವಾರ್ನರ್ ಈ ಮೂರರಿಂದ.

1977ರ ಜನವರಿಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಬ್ಯಾಂಡಿನ ಹುಡುಗರು ಮನೆಯವರು, ಸ್ನೇಹಿತರ ಹತ್ರ ಸುಮಾರು 500 ಪೌಂಡ್ ಸಾಲ ಎತ್ತಿ, ತಮ್ಮದೇ ಒಂದು ಲೇಬಲ್ (ಅಂದ್ರೆ ರೆಕಾರ್ಡು ಹೊರತರೋ ಸಂಸ್ಥೆ) ಹೆಸರಿಟ್ಟು, ನಾಲ್ಕು ಹಾಡಿನ ರೆಕಾರ್ಡು ಒಂದು ಸಾವಿರ ಪ್ರತಿ ಒತ್ತಿಸಿದ್ರು. ಅದು ಖರ್ಚಾಗಿ ಮತ್ತೆ ಮತ್ತೆ ಒತ್ತಿಸ್ಬೇಕಾಯ್ತು. ಕಂಪನಿ ಕರೆಯೋವರೆಗೂ ಕಾಯ್ಬೇಕಿಲ್ಲ ಅಂತ ಇಂಗ್ಲೆಂಡಿನ ಬೇಕಾದಷ್ಟು ಹುಡುಗರಿಗೆ ಧೈರ್ಯ ಬಂದಿದ್ದು ಆಗ. ಆದ್ರೆ ರೆಕಾರ್ಡು ಒತ್ತಿಸಿದ್ರೆ ಸಾಕಾ, ಊರೂರಿನ ಅಂಗಡಿಗೆ ಮುಟ್ಟಿಸ್ಬೇಕಲ್ಲ, ಲಂಡನ್ನಲ್ಲಿ 1976ರಲ್ಲಿ ಅಂಗಡಿಯಾಗಿ ಶುರುವಾಗಿ 1978ರಲ್ಲಿ ಲೇಬಲ್ಲೂ ಆದ ರಫ್ ಟ್ರೇಡ್‌ನಂಥೋರು ಆ ಸಾಗಣೆ ಕೆಲಸಕ್ಕೂ ಕೈಹಾಕಿದ್ರು. 1980ರ ಜನವರಿಲಿ ಬ್ರಿಟನ್ನಲ್ಲಿ ಇಂಡಿ ಚಾರ್ಟ್ ಅಂತಲೇ ಒಂದು ಮಾರಾಟದ ಪಟ್ಟಿ ಶುರುವಾಯ್ತು. ಅದರ ನಿಯಮ ಗಮನಿಸಿ: ದೊಡ್ಡ ಕಂಪನಿಗಳ ವಿತರಣೆ ಜಾಲದ ಹೊರಗಿಂದ ಅಂಗಡಿಗೆ ಬಂದಿರ್ಬೇಕು. ಗಿಟಾರ್ ಇರ್ಬೇಕು, ದನಿ ಮಂಕಾಗಿರ್ಬೇಕು ಅಂತೇನೂ ಇರ್ಲಿಲ್ಲ. ಹಾಗಾಗೇ ಆ ದಶಕದ ಕೊನೆಗೆ ಪಾಪ್ ಗಾಯಕಿ ಕೈಲಿ ಮಿನೋಗ್‌ಳ ಅಪ್ಪಟ ಡಾನ್ಸ್ ಪಾಪ್ ಹಾಡುಗಳೂ ಇಂಡಿ ಚಾರ್ಟಿನ ಮೇಲ್ಗಡೆ ಕೂತ್ವು, ಯಾಕಂದ್ರೆ ಅವಳ ಲೇಬಲ್ಲೂ ಅದರ ವಿತರಣೆಯೂ ಸ್ವತಂತ್ರ, ನಿಯಮದ ಪ್ರಕಾರ ಪೂರ್ತಿ ಸರಿ.

ಇತ್ತ 1986ರಲ್ಲಿ ಎನ್‌ಎಮ್‌ಇ ಅನ್ನೋ ಬ್ರಿಟನ್ನಿನ ಸಂಗೀತ ಪತ್ರಿಕೆ ಸಣ್ಣ ಸಣ್ಣ ಲೇಬಲ್ಲಿನ 22 ಬ್ಯಾಂಡುಗಳ ಒಂದೊಂದು ಹಾಡು ಸೇರಿಸಿ ಸಿ86 ಅಂತ ಕ್ಯಾಸೆಟ್ ತಂತು, ಅದರಲ್ಲಿ ಜನದ ಕಿವಿಯಲ್ಲಿ ಉಳಿದಿದ್ದು ಝಣಝಣ ಗಿಟಾರು, ನಾಚಿಕೆ ಸ್ವಭಾವದ ದನಿ, ಅಲ್ಲಿಂದ ಮುಂದೆ ಇಂಡಿ ಅಂದ್ರೆ ದುಡ್ಡು ಯಾರು ಹಾಕಿದ್ರು ಅನ್ನೋದಕ್ಕಿಂತ ಹೇಗೆ ಕೇಳ್ಸತ್ತೆ ಅನ್ನೋ ಅರ್ಥವೇ ಜೋರಾಯ್ತು. ಈಗ ಎರಡೂ ಅರ್ಥ ಚಾಲ್ತಿಲಿದೆ, ಎರಡೂ ಒಂದಕ್ಕೊಂದು ಹೊಂದಲ್ಲ. ಗಾಯಕಿ ಅಡೆಲ್‌ಳ 2011ರ ಆಲ್ಬಮ್ ಬ್ರಿಟನ್ನಲ್ಲಿ ತಂದಿದ್ದು ಎಕ್ಸ್‌ಎಲ್ ಅನ್ನೋ ಸ್ವತಂತ್ರ ಲೇಬಲ್, ಅದನ್ನ ಯಾರೂ ಇಂಡಿ ಅನ್ನಲ್ಲ. ಬಾಯ್‌ಜೀನಿಯಸ್ ತಂಡದವರ 2023ರ ಆಲ್ಬಮ್ ಬಂದಿದ್ದು ಯೂನಿವರ್ಸಲ್ ಒಡೆತನದ ಇಂಟರ್‌ಸ್ಕೋಪ್‌ನಿಂದ, ಅದನ್ನ ಎಲ್ರೂ ಇಂಡಿ ಅಂತಾರೆ. ಯಾವ ಅರ್ಥದಲ್ಲಾದ್ರೂ ಬಳಸಿ, ನಂದೇನೂ ತಕರಾರಿಲ್ಲ, ಆದ್ರೆ ಶಿಫಾರಸು ಮಾಡುವಾಗ "ಪಕ್ಕಾ ಇಂಡಿ ಗುರೂ" ಅಂತ ಲಿಂಕ್ ಬಿಸಾಕಿದ್ರೆ ಕೇಳೋನಿಗೆ ಏನು ಗೊತ್ತಾಗತ್ತೆ ಹೇಳಿ? ದನಿ ಹೇಗಿದೆ, ವಾದ್ಯ ಏನಿದೆ, ರಾತ್ರಿ ಕೇಳೋದಾ ಬಸ್ಸಲ್ಲಿ ಕೇಳೋದಾ, ಅದನ್ನ ಹೇಳಿ.

ಇನ್ನು ಫೋಕ್. ಜಾನಪದ ಅಂದ್ರೆ ಬಾಯಿಂದ ಬಾಯಿಗೆ ಬಂದಿದ್ದು, ಕಟ್ಟಿದೋರ ಹೆಸ್ರು ಕಳೆದುಹೋಗಿರೋದು. ಇಂಡಿ ಫೋಕ್‌ನಲ್ಲಿ ಬಹುಪಾಲು ಹಾಡುಗಳನ್ನ ಹಾಡೋರೇ ಬರೆದಿರ್ತಾರೆ, ಹಳೇ ಫೋಕ್‌ನಿಂದ ಬಂದಿರೋದು ಗಿಟಾರು, ಬ್ಯಾಂಜೋ, ಕಥೆ ಹೇಳೋ ಧಾಟಿ ಇಷ್ಟೇ. ರಘು ದೀಕ್ಷಿತ್ 2008ರ ಆಲ್ಬಮ್ಮಲ್ಲಿ ಹಾಡಿದ ಗುಡುಗುಡಿಯ ಪದವನ್ನೂ ಜನ ಜಾನಪದ ಅಂದ್ಬಿಡ್ತಾರೆ. ಅದು ಶಿಶುನಾಳ ಶರೀಫರ ತತ್ವಪದ ಕಣ್ರೀ, ಅಂಕಿತ ಹಾಕಿ ಹಾಡಿದ ಕವಿಯ ಹೆಸ್ರನ್ನ ಹೀಗೆ ಅಳಿಸೋದು ನೋಡಿದ್ರೆ ನಂಗೆ ಸಂಕಟ ಆಗತ್ತೆ.

ಆ ಗ್ರೂಪಲ್ಲಿ ಕೇಳಿದ್ರಲ್ಲ, ಅವರಿಗೆ ನಾನು ಮೂರು ಹೇಳ್ದೆ. ಏಡ್ರಿಯನ್ ಲೆಂಕರ್‌ಳ 'ಬ್ರೈಟ್ ಫ್ಯೂಚರ್', 2024ರದ್ದು, ಒಂದು ದನಿ, ಗಿಟಾರು, ಪಿಯಾನೋ, ಪಿಟೀಲು, ಪಕ್ಕದಲ್ಲೇ ಕೂತು ಹಾಡ್ದಂಗಿರತ್ತೆ. ಅದೇ ವರ್ಷದ ಎಮ್‌ಜೆ ಲೆಂಡರ್‌ಮನ್‌ನ 'ಮ್ಯಾನಿಂಗ್ ಫೈರ್‌ವರ್ಕ್ಸ್', ಇದು ರಾಕ್ ಕಡೆಗೆ ವಾಲಿದ್ದು, ಗಿಟಾರ್ ಒರಟು, ಸ್ಟೀಲ್ ಗಿಟಾರ್ ಕೊರಗ್ತಿರತ್ತೆ. ಮೂರನೇದು ಡಬ್ಲಿನ್ನಿನ ಲ್ಯಾಂಕಮ್ ತಂಡದ 2023ರ 'ಫಾಲ್ಸ್ ಲ್ಯಾಂಕಮ್'. ಅಲ್ಲಿ ಬಹಳಷ್ಟು ಹಾಡು ನಿಜವಾಗ್ಲೂ ಬಾಯಿಂದ ಬಾಯಿಗೆ ಬಂದಿದ್ದು, ತಂದಿರೋದು ಅದೇ ರಫ್ ಟ್ರೇಡ್. ಮೊದಲ ಹಾಡೇ ಎಂಟು ನಿಮಿಷ ದಾಟತ್ತೆ, ಶುರುವಲ್ಲಿ ಬರೀ ಒಂದು ಹೆಣ್ಣುದನಿ, ಹೋಗ್ತಾ ಹೋಗ್ತಾ ಕೆಳಗಿಂದ ಶ್ರುತಿ ದಟ್ಟವಾಗಿ ಏಳ್ತಾ ಎದೆ ನಡುಗ್ಸತ್ತೆ. ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಆದ್ರೆ ಮಲ್ಗೋಕೆ ಮುಂಚೆ ಬೇಡ.